ಬಾಯಿಗೆ ಬಾರದ ಎರಡು ಹೆಸರು

ಇದನ್ನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಸಂಜೆ ತರಗತಿಯಲ್ಲಿ ಕಲಿತ ಇಂಗ್ಲಿಷು, ಇವತ್ತಿಗೂ ಒಂದು ಸಾಲು ಬರೆದು ಅಳಿಸಿ ಮತ್ತೆ ಬರೆಯುವ ಕೈ. ಇಂಥವರು ಆ ಭಾಷೆಯ ಸಣ್ಣ ಪದಗಳ ಸುದ್ದಿಗೆ ಹೋಗಬಾರದು. ಅದಕ್ಕಿಂತ ಹೆಚ್ಚಾಗಿ, ಬೇರೆ ಮನೆಯ ಸೊಸೆಯ ಮಾತನ್ನು ಊರ ಮುಂದೆ ಇಡಬಾರದು. ಆದರೆ ಚೆನ್ನಾಗಿ ಬಲ್ಲವರು ಯಾರೂ ಇದನ್ನು ಹೇಳಲಿಲ್ಲ. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಿದರೆ ಉಪಕಾರ.

ಅತ್‌ಬಾಶಿ ಕಣಿವೆಯ ಮೇಲ್ಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರು ಇರಲಿಲ್ಲ. ಇದ್ದ ಮೇಷ್ಟರು ಮಾಸ್ಕೋಗೆ ಕಟ್ಟಡದ ಕೆಲಸಕ್ಕೆ ಹೋದ ಮೇಲೆ ಆ ಜಾಗ ಖಾಲಿಯೇ ಉಳಿದಿತ್ತು. ಹೆಡ್‌ಮೇಷ್ಟರು ಅದೇ ಊರಿನ ಬುರುಲ್‌ಗೆ ಹೇಳಿದ್ದರು: "ಸಂಜೆ ತರಗತಿ ಮುಗಿಸಿ ಜಿಲ್ಲೆಯ ಬಾಯಿಮಾತಿನ ಪರೀಕ್ಷೆ ಪಾಸು ಮಾಡ್ಕೊಂಡು ಬಾ ತಾಯಿ. ಸೆಪ್ಟೆಂಬರಿಂದ ಆ ಕುರ್ಚಿ ನಿಂದೇ."

ಬುರುಲ್‌ಗೆ ಆ ಕುರ್ಚಿ ಬೇಕಿತ್ತು. ಮದುವೆಗೆ ಮೊದಲು ನಾರಿನ್ ಪಟ್ಟಣದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದವಳು, ನಡುವೆಯೇ ಬಿಟ್ಟು ಸೊಸೆಯಾಗಿ ಬಂದಳು. ಎರಡು ಮಕ್ಕಳಾದವು. ಗಂಡ ತಾಲಾಯ್ ಕಣಿವೆಯಾಚೆಯ ಘಾಟಿಯಲ್ಲಿ ಹಿಮ ತೆಗೆಯುವ ಯಂತ್ರ ಓಡಿಸುತ್ತಿದ್ದ, ಚಳಿಗಾಲವಿಡೀ ಅಲ್ಲೇ. ಮನೆಯಲ್ಲಿ ಮಾವ, ಅತ್ತೆ, ಮಕ್ಕಳು, ಹಸುಗಳು, ಒಲೆ. ಓದಿದ್ದೆಲ್ಲ ಹಿಟ್ಟಿನ ಜೊತೆ ನಾದಿಹೋಯಿತೇನೋ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು.

ತರಗತಿಗೆ ಹೋಗಲು ಒಪ್ಪಿಗೆ ಕೊಟ್ಟದ್ದು ಮಾವ. ಆತ ಹಿಂದೆ ಕುದುರೆ ಮಂದೆ ಕಾಯುತ್ತಿದ್ದವನು. ಕಡಿಮೆ ಮಾತು, ಮಂದ ಕಿವಿ. "ಹೋಗ್ಲಿ ಬಿಡು" ಎಂದಿದ್ದ, ಅಷ್ಟೇ. ಅತ್ತೆಯ ಒಪ್ಪಿಗೆ ಹಾಗೆ ಸುಲಭದಲ್ಲಿ ಬರುವಂಥದ್ದಲ್ಲ.

"ಒಂದು ಚಳಿಗಾಲ ನೋಡ್ತೀನಿ, ಕೆಲಿನ್," ಎಂದಿದ್ದಳು. ಅತ್ತೆಮಾವ ಸೊಸೆಯನ್ನು ಕರೆಯುವುದೇ ಹಾಗೆ, ಕೆಲಿನ್ ಎಂದು. "ಒಂದೇ. ಪಾಸಾದ್ಯೋ ಸರಿ. ಇಲ್ವೋ, ಆ ಪುಸ್ತಕ ಒಲೆಗೆ. ಸಂಜೆ ಹಾಲು ಕರೆಯೋಳು ನಾನು, ನನ್ನ ಮೊಣಕಾಲು ಕಬ್ಬಿಣದ್ದಲ್ಲ."

ಹಾಗೆ ಶುರುವಾಯಿತು.

ತರಗತಿ ನಡೆಯುತ್ತಿದ್ದದ್ದು ಕೆಳಗಿನ ಪೇಟೆಯ ಶಾಲೆಯಲ್ಲಿ, ಕಲ್ಲಿದ್ದಲ ಒಲೆಯಿದ್ದ ಒಂದು ಕೋಣೆಯಲ್ಲಿ. ಕಲಿಸುವವಳು ಕ್ಲಾರಾ ಎಜೆ. ಎಜೆ ಎಂದರೆ ಅಕ್ಕ. ವಯಸ್ಸಿನಲ್ಲಿ ಅಮ್ಮನೇ ಆಗಬಹುದಿತ್ತು. ರಾಜಧಾನಿಯಲ್ಲಿ ಹುಟ್ಟಿ, ರಷ್ಯನ್ ಮಾತಾಡುವ ಮನೆಯಲ್ಲಿ ಬೆಳೆದು, ಗಂಡ ತೀರಿದ ಮೇಲೆ ಮಗಳ ಮನೆಗೆಂದು ಇಲ್ಲಿಗೆ ಬಂದವಳು. ಸಹಪಾಠಿಗಳಲ್ಲಿ ಹೆಚ್ಚಿನವರು ಪ್ರವಾಸಿಗರಿಗೆ ಕುದುರೆ ಕೊಡುವ ಹುಡುಗರು. ಅವರ ನಡುವೆ ಅಂಚೆಯವನು ಅಸಾಂಕುಲ್ ಒಬ್ಬ. ನಲವತ್ತು ದಾಟಿದರೂ ಬಾಯಿ ಮಾತ್ರ ಹದಿನೆಂಟರದು.

ಕ್ಲಾರಾ ಎಜೆ ಮೊದಲ ವಾರವೇ ಎಚ್ಚರಿಕೆ ಕೊಟ್ಟಳು. "ಇಂಗ್ಲಿಷಲ್ಲಿ ದೊಡ್ಡ ಪದ ಯಾರನ್ನೂ ಕೊಲ್ಲಲ್ಲ. ಕೊಲ್ಲೋದು ಸಣ್ಣವು. ಲುಕ್ ಅನ್ನೋದು ಒಂದೇ. ಅದರ ಹಿಂದೆ ಅಟ್ ಬಂದ್ರೆ ನೋಡೋದು, ಫಾರ್ ಬಂದ್ರೆ ಹುಡುಕೋದು, ಆಫ್ಟರ್ ಬಂದ್ರೆ ನೋಡಿಕೊಳ್ಳೋದು. ಕಾಯೋದಕ್ಕೆ ಫಾರ್, ಕೇಳೋದಕ್ಕೆ ಟು."

"ಯಾಕೆ ಎಜೆ?" ಎಂದ ಅಸಾಂಕುಲ್. "ನಮ್ಮ ಮಾತಲ್ಲಿ ಬಸ್ಸನ್ನು ಕಾಯ್ತೀವಿ. ಬಸ್ಸಿನ ಬಾಲ ಬಸ್ಸಿಗೇ ಅಂಟ್ಕೊಂಡಿರತ್ತೆ. ಇವರದ್ದು ಬಾಲ ಕಳಚಿ ಮುಂದೆ ಓಡ್ತಿದೆಯಲ್ಲ?"

"ಯಾಕೆ ಅಂತ ನನಗೂ ಗೊತ್ತಿಲ್ಲ, ಅಸಾಂಕುಲ್. ಗೊತ್ತಿದ್ರೆ ನಾನು ಲಂಡನ್ನಿನಲ್ಲಿ ಇರ್ತಿದ್ದೆ."

ಎಲ್ಲರೂ ನಕ್ಕರು. ಬುರುಲ್ ನಗಲಿಲ್ಲ. ಅವಳಿಗೆ ಅದು ಭಯ ಹುಟ್ಟಿಸಿತ್ತು. ನಾಯಿ ಕಂಡರೆ ಅವಳ ಭಾಷೆಯವರು ನಾಯಿಯಿಂದ ಹೆದರುತ್ತಾರೆ. ಇಂಗ್ಲಿಷಿನವರು ಬೇರೆ ಏನೋ ಸೇರಿಸಿ ಹೆದರುತ್ತಾರೆ. ಭಯದಲ್ಲೂ ಸರಿ ತಪ್ಪು ಇದ್ದರೆ ಮನುಷ್ಯ ಯಾವಾಗ ಮಾತಾಡುವುದು?

ಮನೆಯಲ್ಲಿ ಅವಳು ಕೆಲಸದ ನಡುವೆ ಬಾಯಿಪಾಠ ಮಾಡುತ್ತಿದ್ದಳು. ಕಡಾಯಿಯತ್ತ ನೋಡು, ಸೌಟು ಹುಡುಕು, ಕರುವನ್ನು ನೋಡಿಕೋ. ಮೂರಕ್ಕೂ ಒಂದೇ ಲುಕ್, ಮೂರು ಬಾಲ. ಅತ್ತೆ ಹಿಟ್ಟು ಜರಡಿ ಹಿಡಿಯುತ್ತಾ ಹಂಗಿಸುತ್ತಿದ್ದಳು.

"ಏನಮ್ಮಾ ಅದು ಲುಕ್ ಲುಕ್ ಲುಕ್? ಕೋಳಿ ಮೊಟ್ಟೆ ಇಡೋ ಹಂಗೆ."

"ಒಂದಕ್ಕೆ ಮೂರು ಅರ್ಥ ಅತ್ತೆ. ಹಿಂದೆ ಬರೋ ಸಣ್ಣ ಪದದ ಮೇಲೆ."

"ಪಾಪ, ಪದಗಳಿಗೆ ಬರಗಾಲ ಬಂದಿರಬೇಕು ಅವರಿಗೆ. ಒಂದನ್ನೇ ಮೂರು ಜನ ಹಂಚ್ಕೊಂಡು ತಿಂತಾರೆ."

ಒಲೆಯ ಪಕ್ಕ ಕುಳಿತು ಲಗಾಮಿನ ಚರ್ಮಕ್ಕೆ ಕೊಬ್ಬು ಸವರುತ್ತಿದ್ದ ಮಾವ ತಲೆಯೆತ್ತಿದ. "ಹಾಲು ಕರೆಯೋವಾಗ ಹೆಣ್ಣು ಕುದುರೆ ಮುಂದೆ ಅದರದೇ ಮರಿ ತಂದು ನಿಲ್ಲಿಸ್ತೀವಲ್ಲ, ಹಂಗೆ. ಬೇರೆ ಮರಿ ತಂದ್ರೆ ಒದೆಯತ್ತೆ, ಹಾಲು ಇಳಿಸಲ್ಲ. ಯಾಕೆ ಅಂತ ಕುದುರೇನ ಕೇಳಿದ್ರೆ ಹೇಳತ್ತಾ? ಯಾವ ಮರಿ ಯಾವುದರದ್ದು ಅಂತ ನಾವೇ ನೆನಪಿಟ್ಕೋಬೇಕು."

ಬುರುಲ್‌ಗೆ ಅದು ಹಿಡಿಸಿತು. ಅಂದಿನಿಂದ ಕ್ರಿಯಾಪದಗಳು ಅವಳ ತಲೆಯಲ್ಲಿ ಕುದುರೆಗಳಾದವು. ಮರಿ ಕಟ್ಟುವ ಉದ್ದನೆಯ ಹಗ್ಗದಲ್ಲಿ ಸಣ್ಣ ಪದಗಳು ಸಾಲಾಗಿ ನಿಂತವು. ಜನವರಿ ಮುಗಿಯುವ ಹೊತ್ತಿಗೆ ಕುದುರೆಗಳು ಒದೆಯುವುದು ಬಹಳ ಕಡಿಮೆಯಾಗಿತ್ತು. ಒಂದೆರಡು ಮಾತ್ರ ಇನ್ನೂ ಕಿವಿ ಹಿಂದಕ್ಕೆ ಮಾಡಿಕೊಂಡೇ ನಿಂತಿದ್ದವು. 'ಅವಲಂಬಿಸು', ಎಂದರೆ ಡಿಪೆಂಡ್, ಅವುಗಳಲ್ಲಿ ಒಂದು; ಅದರ ಮರಿ ಆನ್. ರಷ್ಯನ್ನಿನ ಅಭ್ಯಾಸಕ್ಕೆ ಅವಳು ಯಾರ ಮೇಲೂ ಅವಲಂಬಿಸುತ್ತಿರಲಿಲ್ಲ, ಯಾರಿಂದಲೋ ಅವಲಂಬಿಸುತ್ತಿದ್ದಳು.

ಕ್ಲಾರಾ ಎಜೆಯದೊಂದು ಪದ್ಧತಿಯಿತ್ತು. ವಾಕ್ಯದಲ್ಲಿ ಜೀವಂತ ಮನುಷ್ಯ ಇರಬೇಕು, ಇಲ್ಲದಿದ್ದರೆ ಸಣ್ಣ ಪದ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಪುಸ್ತಕದ ಜಾನ್‌ನನ್ನು ಕಾಯಬೇಡಿ, ನಿಮ್ಮ ಜಾನ್‌ನನ್ನು ಕಾಯಿರಿ. ಹಾಗಾಗಿ ಎಲ್ಲರೂ ಅಸಾಂಕುಲ್‌ನನ್ನು ಕಾಯುತ್ತಿದ್ದರು, ಅಸಾಂಕುಲ್‌ನನ್ನು ನೋಡಿ ನಗುತ್ತಿದ್ದರು. ಬುರುಲ್ ತನ್ನ ಮಗನನ್ನು ಹುಡುಕುತ್ತಿದ್ದಳು, ಮಗಳ ಮಾತು ಕೇಳುತ್ತಿದ್ದಳು. ತೊಂದರೆಯೇನೂ ಇರಲಿಲ್ಲ.

ಮಾರ್ಚ್ ಆರಂಭದಲ್ಲಿ ಪರೀಕ್ಷೆಯ ಕ್ರಮ ತಿಳಿದುಬಂತು. ಪ್ರತಿಯೊಬ್ಬರೂ ತಮ್ಮ ಮನೆಯವರ ಫೋಟೋ ಒಂದು ತರಬೇಕು. ಅದರಲ್ಲಿರುವ ದೊಡ್ಡವರೊಬ್ಬೊಬ್ಬರ ಹೆಸರು ಹೇಳಿ, ಆಮೇಲೆ ಎತ್ತಿದ ಚೀಟಿಯಲ್ಲಿರುವ ಕ್ರಿಯಾಪದ ಹಾಕಿ, ಆ ಹೆಸರಿಟ್ಟೇ ವಾಕ್ಯ ಮಾಡಬೇಕು.

ಅಂದೇ ಅಭ್ಯಾಸ. ಕ್ಲಾರಾ ಎಜೆ ಬುರುಲ್‌ಳ ಫೋನಿನಲ್ಲಿದ್ದ ಫೋಟೋದ ಮೇಲೆ ಬೆರಳಿಟ್ಟಳು. "ಇವರು ಯಾರು?"

"ನನ್ನ ಮಾವ."

"ಹೆಸರು?"

ಬುರುಲ್ ಫೋನನ್ನು ತನ್ನತ್ತ ಎಳೆದುಕೊಂಡಳು.

"ಹೆಸರು, ಬುರುಲ್. ಅವರ ಹೆಸರೇನು?"

ಕುದುರೆ ಹುಡುಗರು ಕಿಸಕ್ಕನೆ ನಕ್ಕರು. ಬುರುಲ್‌ಳ ಕಿವಿ ಕೆಂಪಾಯಿತು.

"ಮಾವನ ಹೆಸರು ಗೊತ್ತಿಲ್ವಾ ನಿನಗೆ?"

"ಗೊತ್ತಿಲ್ದೆ ಏನು ಎಜೆ," ಎಂದ ಅಸಾಂಕುಲ್. "ಗೊತ್ತಿರೋದಕ್ಕೇ ಹೇಳ್ತಿಲ್ಲ. ಸೊಸೆ ಅಲ್ವಾ? ಅತ್ತೆ ಮಾವನ ಹೆಸರು ಬಾಯಲ್ಲಿ ಬಂದ್ರೆ ಮನೆ ಸೂರು ಬೀಳತ್ತೆ. ನಮ್ಮ ಅಜ್ಜಿ ಎಪ್ಪತ್ತು ವರ್ಷ ಮೋಡಕ್ಕೆ 'ಆಕಾಶದ ಉಣ್ಣೆ' ಅಂತಿದ್ಲು. ಮಾವನ ಹೆಸರಲ್ಲಿ ಮೋಡ ಇತ್ತು ಅಂತ."

ಕ್ಲಾರಾ ಎಜೆ ಪಟ್ಟಣದವಳು. ಈ ಪದ್ಧತಿ ಕೇಳಿದ್ದಳು, ಕಣ್ಣಾರೆ ಕಂಡಿರಲಿಲ್ಲ. ತಾನೇ ಏನೋ ತಪ್ಪು ಮಾಡಿದವಳಂತೆ ಬಳೆ ತಿರುಗಿಸಿದಳು. "ಈಗಲೂನಾ? ಈ ಕಾಲದಲ್ಲೂ?"

"ಎಲ್ಲರ ಮನೇಲೂ ಇಲ್ಲ ಎಜೆ," ಎಂದಳು ಬುರುಲ್. "ನಮ್ಮನೇಲಿ ಇದೆ. ಗಂಡನ ಹೆಸರು ಹೇಳ್ತೀನಿ, ಅದಕ್ಕೆ ಯಾರೂ ಏನೂ ಅನ್ನಲ್ಲ. ಅವರಿಬ್ಬರದು ಮಾತ್ರ... ಮನಸ್ಸಲ್ಲಿ ಕೂಡ ಅಂದ್ಕೊಂಡಿಲ್ಲ."

"ಇಂಗ್ಲಿಷಲ್ಲಿ ತಾನೇ ಹೇಳೋದು? ಲೆಕ್ಕಕ್ಕೆ ಬರಲ್ಲ."

"ಹೆಸರು ಯಾವ ಭಾಷೇಲಿ ಹೇಳಿದ್ರೂ ಹೆಸರೇ ಎಜೆ."

"ಸುಳ್ಳು ಹೆಸರು ಹೇಳಿಬಿಡು," ಎಂದ ಅಸಾಂಕುಲ್. "ಪರೀಕ್ಷೆ ಮಾಡೋನಿಗೇನು ಗೊತ್ತು?"

"ಇನ್ಯಾರನ್ನೋ ಮಾವ ಅಂತ ತೋರಿಸ್ಲಾ ಬಾಯಿಕೆ? ನಿಮ್ಮನ್ನೇ ತೋರಿಸ್ಲಾ?"

ಎಲ್ಲರೂ ಘೊಳ್ಳೆಂದರು. ಬಾಯಿಕೆ, ಎಂದರೆ ಅಣ್ಣ, ಎಂದು ಕರೆಸಿಕೊಂಡ ಅಸಾಂಕುಲ್ ಟೋಪಿ ತೆಗೆದು ಸೋಲೊಪ್ಪಿಕೊಂಡ.

ಕೊನೆಗೆ ಬುರುಲ್‌ಗೇ ದಾರಿ ಹೊಳೆಯಿತು. ಅವರಿಬ್ಬರೂ ಇಲ್ಲದ ಫೋಟೋ ತಂದರಾಯಿತು. ಬೇಸಿಗೆಯಲ್ಲಿ ಹುಲ್ಲುಗಾವಲಿನಲ್ಲಿ ತೆಗೆದದ್ದೊಂದಿತ್ತು: ತಾಲಾಯ್, ಅವಳು, ಮಕ್ಕಳು, ಹಿಂದೆ ಯಾರದೋ ಕುದುರೆಯ ಬಾಲ. ಹೆಸರಿನ ಮರ್ಯಾದೆಯೂ ಉಳಿಯಿತು, ಪರೀಕ್ಷೆಯೂ ಉಳಿಯಿತು. ಆ ರಾತ್ರಿ ಅವಳು ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಮಾಡಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ಬುರುಲ್‌ಳ ಚೀಲಕ್ಕೆ ಬುತ್ತಿ ತುಂಬುತ್ತಿದ್ದಳು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೊಕ್, ಒಂದು ಹಿಡಿ ಒಣಮೊಸರಿನ ಉಂಡೆ. ಕೈಗೆ ಫೋಟೋ ಸಿಕ್ಕಿತು.

"ಇದೇನು?"

"ಪರೀಕ್ಷೆಗೆ ಅತ್ತೆ. ಮನೆಯವರ ಫೋಟೋ ತರೋಕೆ ಹೇಳಿದ್ದಾರೆ."

"ಮನೆಯವರ ಫೋಟೋ." ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದರಲ್ಲಿ ಮನೆ ಎಲ್ಲಿದೆ? ಕುದುರೆ ಅಂಡು ಇದೆ, ನಾವಿಲ್ಲ. ನಾವೇನು ಸತ್ತಿದೀವಾ?"

"ಹಂಗಲ್ಲ ಅತ್ತೆ..."

"ನಾಳೆ ಆ ಜಿಲ್ಲೆಯವರು ಏನಂತಾರೆ? ಈ ಹುಡುಗಿಗೆ ಹಿರಿಯರೇ ಇಲ್ಲ, ಬೇಲಿ ಬುಡದಲ್ಲಿ ಹುಟ್ಟಿದ್ದು ಅಂತಾರೆ." ಹಾಗೆನ್ನುತ್ತಲೇ ಗೋಡೆಯ ಮೇಲಿದ್ದ ದೊಡ್ಡ ಫೋಟೋವನ್ನು ಚೌಕಟ್ಟಿನ ಸಮೇತ ಇಳಿಸಿ, ತಲೆವಸ್ತ್ರದ ತುದಿಯಿಂದ ಗಾಜು ಒರೆಸಿ, ಟವೆಲಿನಲ್ಲಿ ಸುತ್ತಿದಳು. ನಟ್ಟನಡುವೆ ಬಿಳಿ ಕಲ್ಪಾಕ್ ಟೋಪಿಯ ಮಾವ, ಪಕ್ಕದಲ್ಲಿ ಹೊಸ ಶಾಲು ಹೊದ್ದು ಬಿಗಿದು ಕುಳಿತ ಅತ್ತೆ, ಹಿಂದೆ ನಿಂತ ಮಗ ಸೊಸೆ. "ಇದನ್ನ ತೋರಿಸು. ನೆಟ್ಟಗೆ ತೋರಿಸು."

ಬುರುಲ್ ಚೌಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಏನೆಂದು ಹೇಳುವುದು? ನಿಮಗೆ ಮರ್ಯಾದೆ ಕೊಡುವುದಕ್ಕೇ ನಿಮ್ಮನ್ನು ಬಿಟ್ಟೆ ಎಂದರೆ, ಯಾವುದಕ್ಕೆ ಎಂದು ಕೇಳುತ್ತಾಳೆ. ಹೆಸರಿಗೆ ಎಂದರೆ, ಹೆಸರನ್ನು ಅಲ್ಲಿ ಹೇಳುವುದಕ್ಕಿದೆಯೇ ಎಂದು ಕೇಳುತ್ತಾಳೆ. ಹೊರಗೆ ಮಾವ ಹಳೆಯ ನೀವಾ ಕಾರಿನ ಇಂಜಿನ್ ಕೆಮ್ಮಿಸುತ್ತಿದ್ದ. ಅವಳು ಟವೆಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಕರಗಿದ ಹಿಮದ ಕೆಸರಿನಲ್ಲಿ ಕಾರು ಜಾರುತ್ತಾ ಇಳಿಯಿತು. ಮಾವನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅನಿಸಿತು. ಹೇಳಲಾಗಲಿಲ್ಲ.

ಪೇಟೆಯ ಶಾಲೆ ತಲುಪಿದಾಗ ಹೊರಗೆ ಚಳಿಗಾಳಿಯಿತ್ತು. ಮಾವ ಒಳಗೆ ಬಂದು, ಹಿಂದಿನ ಬೆಂಚಿನಲ್ಲಿ, ಬೇರೆಯವರ ಮನೆಯವರ ನಡುವೆ ಕುಳಿತ. ಜಿಲ್ಲೆಯಿಂದ ಬಂದ ಪರೀಕ್ಷಕ ಎರ್ಮೆಕ್ ಸಾದಿರೊವಿಚ್ ಇನ್ನೂ ಎಳೆಯ, ಕನ್ನಡಕದವನು. ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ. ಗದರುವವನಲ್ಲ. ಅಸಾಂಕುಲ್ ತನ್ನ ಹೆಂಡತಿಯ ಬಗ್ಗೆ ದೂರು ಹೇಳುವ ವಾಕ್ಯ ಮಾಡಿ, ಹಿಂದೆ ಕುಳಿತ ಹೆಂಡತಿಯಿಂದಲೇ "ಏನಂದ್ರಿ? ಏನಂದ್ರಿ ನನ್ನ ಬಗ್ಗೆ?" ಎಂದು ಕೂಗಿಸಿಕೊಂಡು ಪಾರಾದ.

ಬುರುಲ್ ಚೌಕಟ್ಟನ್ನು ಮೇಜಿನ ಮೇಲಿಟ್ಟಳು. ಅಷ್ಟು ದೊಡ್ಡ ಫೋಟೋ ಯಾರೂ ತಂದಿರಲಿಲ್ಲ. ಗಂಡನ ಹೆಸರು ಹೇಳಿದಳು. ಅವನ ಪಾಲಿನ ವಾಕ್ಯ ಕುದುರೆ ಮರಿಯಷ್ಟು ಸಲೀಸಾಗಿ ಬಂತು. ಪರೀಕ್ಷಕನ ಬೆರಳು ಕಲ್ಪಾಕ್ ಟೋಪಿಯ ಮೇಲೆ ಬಂತು.

"ಇವರು?"

"ನನ್ನ ಗಂಡನ ತಂದೆ," ಎಂದಳು ಇಂಗ್ಲಿಷಿನಲ್ಲಿ.

"ಹೆಸರು?"

ಕಲ್ಲಿದ್ದಲು ಒಲೆಯೊಳಗೆ ಚಿಟಿಚಿಟಿ ಎಂದಿತು. ಪರೀಕ್ಷಕ ಕಾದ. ಇನ್ನೊಮ್ಮೆ ಕೇಳಿದ. ಆಮೇಲೆ ಅವನಿಗೆ ಅರ್ಥವಾಯಿತು. ಪೆನ್ನು ಕೆಳಗಿಟ್ಟು ತಮ್ಮ ಮಾತಿನಲ್ಲೇ ಮೆಲ್ಲಗೆ ಹೇಳಿದ, "ಅಕ್ಕಾ, ನನಗೆ ಗೊತ್ತಾಯ್ತು. ನನ್ನ ಹೆಂಡತೀನೂ ಹೇಳಲ್ಲ. ಆದ್ರೆ ಹೋದ ವರ್ಷ ಒಬ್ಬರಿಗೆ ಬಿಟ್ಟೆ, ಇನ್ನೊಬ್ಬರು ದೂರು ಕೊಟ್ರು. ಇವರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕು. ಹೆಸರು ಹೇಳದೆ ಇದ್ರೆ ಈ ಭಾಗ ಮುಗೀದು. ಇದು ಮುಗೀದೆ ಪಾಸು ಮಾಡೋಕೆ ಬರಲ್ಲ."

"ಎರ್ಮೆಕ್ ಸಾದಿರೊವಿಚ್, ಅವಳಿಗೆ ವಾಕ್ಯ ಎಲ್ಲ ಗೊತ್ತು," ಎಂದಳು ಕ್ಲಾರಾ ಎಜೆ, ಎದ್ದು ನಿಂತು. "ಮಿಕ್ಕವರಿಗಿಂತ ಚೆನ್ನಾಗಿ ಗೊತ್ತು."

"ಇರಬಹುದು ಎಜೆ. ನಾನೇನು ಮಾಡ್ಲಿ ಹೇಳಿ."

ಹಿಂದಿನ ಬೆಂಚಿನಿಂದ ಮಾವನ ಗಂಟಲು ಕೇಳಿಸಿತು. "ಏನು ಕೇಳ್ತಿದ್ದಾನೆ ಆ ಹುಡುಗ?"

ಅಸಾಂಕುಲ್ ಅವನ ಕಿವಿಯ ಹತ್ತಿರ ಹೋಗಿ ಕೂಗಿದ, "ನಿಮ್ಮ ಹೆಸರು ಕೇಳ್ತಿದ್ದಾರೆ! ಸೊಸೆ ಬಾಯಿಂದ!"

ಮುದುಕ ಎದ್ದು ಬಂದ. ಬೂಟಿನ ಕೆಸರು ನೆಲದ ಮೇಲೆ ಉದುರಿತು. ಫೋಟೋದಲ್ಲಿದ್ದ ತನ್ನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಬುರುಲ್ ತಲೆ ತಗ್ಗಿಸಿದಳು. ಫೋಟೋ ತಂದದ್ದು ಅತ್ತೆ ಎನ್ನಬೇಕೆನಿಸಿತು. ಅದೂ ದೂರಿನಂತೆ ಕೇಳುತ್ತದೆ.

"ಇಷ್ಟಕ್ಕಾ?" ಎಂದ ಮಾವ. "ಹೇಳು ಕೆಲಿನ್. ನಾನು ಬಿಟ್ಟುಕೊಟ್ಟೆ. ಇಲ್ಲಿ, ಈ ಕೋಣೇಲಿ, ಹೇಳು."

"ಬೇಡ ಮಾವ."

"ಹೇಳು ಅಂದೆ. ನನ್ನ ಹೆಸರು ನನ್ನದು ತಾನೇ? ಕೊಡೋಕೆ ನನಗೆ ಅಧಿಕಾರ ಇಲ್ವಾ?"

ಅವಳು ಚೀಟಿ ಎತ್ತಿದಳು. ಬಂದದ್ದು ಆ ಒದೆಯುವ ಕುದುರೆಯೇ: ಅವಲಂಬಿಸು. ಕಣ್ಣು ಮುಚ್ಚಿಕೊಂಡಳು. ಮಾವನ ಹೆಸರು ಅವಳ ಬಾಯಿಂದ ಮೊದಲ ಬಾರಿಗೆ ಹೊರಬಂತು, ತೀರ ಸಣ್ಣದಾಗಿ, ಯಾರದೋ ಮನೆಯ ಬಾಗಿಲು ತಟ್ಟಿದಂತೆ. ಜೊತೆಗೆ ಸಣ್ಣ ಪದವೂ ಬಂತು. ಅದು ತಪ್ಪು ಮರಿ. ಅವನ ಮೇಲೆ ಎನ್ನುವ ಬದಲು ಅವನಿಂದ ಎಂದುಬಿಟ್ಟಳು. ಕ್ಲಾರಾ ಎಜೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪರೀಕ್ಷಕ ಏನೋ ಗುರುತು ಹಾಕಿಕೊಂಡು, "ಪರವಾಗಿಲ್ಲ, ಒಂದು ತಪ್ಪು ನಡೆಯತ್ತೆ," ಎಂದು ಬೆರಳನ್ನು ಪಕ್ಕಕ್ಕೆ ಸರಿಸಿದ.

ಹೊಸ ಶಾಲಿನ ಮೇಲೆ.

ಬುರುಲ್ ಮಾವನನ್ನು ನೋಡಿದಳು. ಮಾವ ಕಿಟಕಿಯನ್ನು ನೋಡಿದ.

"ಇದನ್ನೂ ಬಿಟ್ಟುಕೊಡಿ ಹಿರಿಯರೇ," ಎಂದ ಅಸಾಂಕುಲ್.

"ಅದು ನನ್ನದಲ್ಲವಲ್ಲ," ಎಂದ ಮುದುಕ, ಕಲ್ಪಾಕ್ ಕೆಳಗೆ ತಲೆ ಕೆರೆದುಕೊಳ್ಳುತ್ತಾ. "ಅದು ಅವಳದ್ದು. ನಾನು ಕೊಟ್ಟೆ ಅಂತ ಗೊತ್ತಾದ್ರೆ ಇವತ್ತು ನನಗೆ ಊಟ ಹಾಕೋರು ಯಾರು?"

ಕೋಣೆಯಲ್ಲಿ ನಗು ಎದ್ದಿತು. ಆದರೆ ಬುರುಲ್ ಟವೆಲನ್ನು ಮತ್ತೆ ಕೈಗೆ ತೆಗೆದುಕೊಂಡಳು. ಇಷ್ಟು ದೂರ ಬಂದು ಇಲ್ಲಿ ನಿಂತಿತು. ಪುಸ್ತಕ ಒಲೆಗೆ, ಕುರ್ಚಿ ಖಾಲಿ. ತಪ್ಪು ಯಾರದೂ ಅಲ್ಲ, ಅದೇ ಕಷ್ಟ.

ಮಾವ ಜೇಬಿನಿಂದ ಗುಂಡಿಯ ಫೋನು ತೆಗೆದ. ಕಿವಿ ಮಂದವಾದ್ದರಿಂದ ಅದು ಯಾವಾಗಲೂ ದೊಡ್ಡ ದನಿಯಲ್ಲೇ ಮಾತಾಡುತ್ತಿತ್ತು. ಪರೀಕ್ಷಕ ಬೇಡವೆನ್ನುವ ಮೊದಲೇ ಅತ್ತೆಯ ಸ್ವರ ಕೋಣೆಗೆಲ್ಲ ಕೇಳಿಸಿತು.

"ಯಾರು ಸತ್ರು?"

"ಯಾರೂ ಸತ್ತಿಲ್ಲ ಮುದುಕಿ. ಪರೀಕ್ಷೇಲಿ ನಿನ್ನ ಹೆಸರು ಕೇಳ್ತಿದ್ದಾರೆ."

"ನನ್ನ ಹೆಸರಾ? ನನ್ನ ಹೆಸರು ತಗೊಂಡು ಏನು ಮಾಡ್ತಾರಂತೆ? ಉಪ್ಪು ಹಾಕಿ ಒಣಗಿಸ್ತಾರಂತಾ?"

"ಕೆಲಿನ್ ಹೇಳಬೇಕಂತೆ. ಇಂಗ್ಲಿಷಲ್ಲಿ."

"ನೀನು ನಿನ್ನದು ಕೊಟ್ಟೆಯಾ ಮುದುಕಾ?"

"ಕೊಟ್ಟೆ."

"ಕೊಡ್ತೀಯ. ನಿನಗೇನು, ಎಲ್ಲಾನೂ ಕೊಡ್ತೀಯ. ಆ ಕೇಳೋನು ಯಾರು? ಯಾರ ಮಗ? ಫೋನು ಕೊಡು ಅವನಿಗೆ."

ಎರ್ಮೆಕ್ ಸಾದಿರೊವಿಚ್ ಫೋನನ್ನು ಬಿಸಿ ಹಂಡೆಯಂತೆ ಹಿಡಿದುಕೊಂಡ. "ನಮಸ್ಕಾರ ಅಮ್ಮಾ."

"ಹೆಂಡತಿ ಇದಾಳೇನಪ್ಪ ನಿನಗೆ?"

"ಇದಾಳಮ್ಮ."

"ನಿಮ್ಮಮ್ಮನ್ನ ಹೆಸರು ಹಿಡಿದು ಕರೀತಾಳಾ?"

"ಇಲ್ಲಮ್ಮ."

"ಮತ್ತೆ?"

ಪರೀಕ್ಷಕ ಮೂಗು ಒರೆಸಿಕೊಂಡ. ಬುರುಲ್ ಮುಂದೆ ಬಂದು ಫೋನಿನ ಹತ್ತಿರ ಬಾಗಿದಳು. "ಅತ್ತೆ, ಬೇಡ. ನಾನು ಹೇಳಲ್ಲ. ಮನೆಗೆ ಬರ್ತೀನಿ. ಇಷ್ಟೇ ಸಾಕು ಬಿಡಿ."

"ಯಾರು ನಿನಗೆ ಬಿಡು ಅಂದಿದ್ದು?" ಫೋನು ಕಿರುಚಿತು. "ಬಿಡೋದಕ್ಕಾ ನಾನು ಚಳಿಗಾಲ ಎಲ್ಲಾ ಆ ಒದೆಯೋ ಹಸು ಕೆಳಗೆ ಕೂತಿದ್ದು? ಕತ್ತಲಾದ್ರೂ ಬರಲಿಲ್ಲ, ಬಸ್ಸು ಕೆಟ್ಟಿತೋ, ತೋಳ ಬಂತೋ ಅಂತ ಗೇಟಲ್ಲಿ ನಿಂತಿದ್ದು? ಈಗ ಬಿಡಿ ಅಂತೆ!"

ಫೋನಿನಲ್ಲಿ ಕೋಳಿಗಳ ಸದ್ದು ಕೇಳಿಸಿತು. ಅತ್ತೆ ಅಂಗಳದಲ್ಲಿದ್ದಿರಬೇಕು. ಆಮೇಲೆ ದನಿ ಬದಲಾಗಿ ಬಂತು, ದೂರದಿಂದ ಬಂದಂತೆ.

"ನನ್ನ ಅತ್ತೆ ಹೆಸರು ನಾನು ಅವಳು ಇರೋವರೆಗೂ ಹೇಳಲಿಲ್ಲ. ಸತ್ತಾಗ ಅಳೋವಾಗ ಹೆಸರು ಹಿಡಿದು ಅಳ್ತಾರಲ್ಲ, ಆಗಲೂ ಬಾಯಿಗೆ ಬರಲಿಲ್ಲ. ಹೆಣ್ಣುಮಕ್ಕಳೆಲ್ಲ ಹೆಸರು ಹೇಳಿ ಅತ್ರು, ನಾನು ಬರೀ 'ಅಯ್ಯೋ' ಅಂದೆ. ನನ್ನದನ್ನ ಯಾರು ಹೇಳಿ ಎಷ್ಟು ಕಾಲ ಆಯ್ತೋ. ಅಪ್ಪ ಅಮ್ಮ ಇಲ್ಲ, ಅಕ್ಕ ಇಲ್ಲ. ಈ ಮುದುಕ ಮುದುಕಿ ಅಂತಾನೆ. ಡಾಕ್ಟರ ಹುಡುಗಿ ಅಜ್ಜಿ ಅಂತಾಳೆ."

ಮಾವ ಕಲ್ಪಾಕ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೇಳು ಕೆಲಿನ್," ಎಂದಳು ಅತ್ತೆ. "ಒಂದು ಸಲ. ಅರ್ಧ ನುಂಗಬೇಡ, ಪೂರ್ತಿ ಹೇಳು. ಫೋನು ಹತ್ತಿರ ಹಿಡ್ಕೊಳ್ಳೋಕೆ ಹೇಳು ಆ ಹುಡುಗನಿಗೆ. ನಾನೂ ಕೇಳ್ತೀನಿ."

ಬುರುಲ್ ಚೀಟಿ ಎತ್ತಿದಳು. ಕಾಯುವುದು. ಅದರ ಮರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮನೆಯಲ್ಲಿ ಕಟ್ಟಿಟ್ಟುಕೊಂಡಿದ್ದ ವಾಕ್ಯದಲ್ಲಿ ಕಾಯುವವಳು ತಾನಾಗಿದ್ದಳು. ಅದು ಈಗ ಸುಳ್ಳೆನಿಸಿತು. ಪರೀಕ್ಷಕ ಫೋನನ್ನು ಅವಳ ತುಟಿಯ ಹತ್ತಿರ ಹಿಡಿದ. ಅವಳು ಹೆಸರಿನಿಂದಲೇ ಆರಂಭಿಸಿದಳು. ಪೂರ್ತಿ ಹೆಸರು, ಜೊತೆಗೆ ಅತ್ತೆಯ ತಂದೆಯ ಹೆಸರನ್ನೂ ಸೇರಿಸಿ, ಹಿಂದಿನ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಉಳಿದದ್ದು: ವೇಟ್ಸ್ ಫಾರ್ ಮಿ.

ಆ ಎರಡು ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಅಪ್ಪಣೆ ಸಿಕ್ಕಿದ್ದು ಆ ಕೋಣೆಗೆ ಮಾತ್ರ.

"ಸರಿ," ಎಂದ ಪರೀಕ್ಷಕ. ಕನ್ನಡಕ ತೆಗೆದು ಒರೆಸಿಕೊಂಡ, ಶೀತ ಜೋರಾಗಿತ್ತು. "ಸರಿಯಾಗಿದೆ ಅಕ್ಕಾ."

ಎಲ್ಲರೂ ಫೋನನ್ನು ನೋಡಿದರು. ಅದು ಸುಮ್ಮನಿತ್ತು. "ಮುದುಕಿ?" ಎಂದ ಮಾವ. "ಕೇಳಿಸ್ತಾ? ಮುದುಕಿ?" ಕೋಳಿಗಳ ಸದ್ದೂ ಇರಲಿಲ್ಲ. ಕರೆ ಕಡಿದುಹೋಗಿತ್ತು. ಮತ್ತೆ ಹಚ್ಚಿದರೆ, ಸಂಪರ್ಕ ಸಾಧ್ಯವಿಲ್ಲ ಎಂದು ಯಾವಳೋ ರಷ್ಯನ್ನಿನಲ್ಲಿ ಹೇಳಿದಳು. ಆ ಕಣಿವೆಯಲ್ಲಿ ಮೋಡ ಸರಿದರೂ ಫೋನು ಕಡಿಯುತ್ತದೆ, ಅದೇನು ಹೊಸದಲ್ಲ.

ಮನೆಗೆ ಮರಳುವಾಗ ಮಾವ ಒಂದೇ ಮಾತಾಡಿದ. ಸೇತುವೆ ದಾಟಿದ ಮೇಲೆ, ಗೇರು ಬದಲಿಸುತ್ತಾ, "ಮನೇಲಿ ಮೊದಲಿನ ಹಂಗೇ, ಕೆಲಿನ್." ಅವಳು ತಲೆಯಾಡಿಸಿದಳು. ಅದು ಅವಳಿಗೂ ಬೇಕಿತ್ತು.

ಅತ್ತೆ ಅಂಗಳದಲ್ಲಿ ಇರಲಿಲ್ಲ, ಒಳಗೆ ಚಹಾಕ್ಕೆ ಹಾಲು ಉಪ್ಪು ಹಾಕುತ್ತಿದ್ದಳು. ಟವೆಲು ಬಿಚ್ಚಿ ಫೋಟೋವನ್ನು ತಾನೇ ಗೋಡೆಗೆ ತೂಗುಹಾಕಿ, ನೇರವಾಗಿದೆಯೇ ಎಂದು ಹಿಂದೆ ಸರಿದು ನೋಡಿದಳು.

"ಆಯ್ತಾ?"

"ಆಯ್ತು ಅತ್ತೆ. ಪಾಸು ಅಂತ ಕ್ಲಾರಾ ಎಜೆ ಹೇಳಿದ್ರು. ಕಾಗದ ಆಮೇಲೆ ಬರತ್ತಂತೆ."

"ಹಂಗಾದ್ರೆ ಇನ್ಮೇಲೆ ಸಂಜೆ ಹಾಲು ನೀನು ಕರಿ. ನನ್ನ ಮೊಣಕಾಲು ಹೋಯ್ತು." ಬಟ್ಟಲು ಅವಳ ಮುಂದೆ ತಳ್ಳಿದಳು. "ಕುಡಿ, ಆರತ್ತೆ."

ಕಾಗದ ಬಂತು. ಸೆಪ್ಟೆಂಬರಿನಿಂದ ಬುರುಲ್ ಆ ಖಾಲಿ ಕುರ್ಚಿಯಲ್ಲಿ ಕುಳಿತಿದ್ದಾಳೆ. ಸಣ್ಣ ಪದಗಳು ಯಾಕೆ ಹೀಗೆ ಎಂದು ಮಕ್ಕಳು ಕೇಳಿದರೆ, ತನಗೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾಳೆ. ಅತ್ತೆ ಈಗಲೂ ಕೆಲಿನ್ ಎನ್ನುತ್ತಾಳೆ, ಸೊಸೆ ಅತ್ತೆ ಎನ್ನುತ್ತಾಳೆ, ಮುದುಕ ಮುದುಕಿ ಎನ್ನುತ್ತಾನೆ.

ಅಂದು ಕರೆ ಕಡಿದದ್ದು ಹೆಸರು ಹೇಳುವ ಮೊದಲೋ ಆಮೇಲೋ ಗೊತ್ತಿಲ್ಲ. ಸಿಗ್ನಲ್ ಹೋಯಿತು ಎಂದು ಮಾವ ಹೇಳುತ್ತಾನೆ. ಅತ್ತೆ ಆ ಮಾತೇ ಎತ್ತಿಲ್ಲ. ಕೇಳಿಸಿತೇ ಎಂದು ಬುರುಲ್ ಕೇಳಿಲ್ಲ. ಕೇಳಿಸಿಲ್ಲ ಎಂದರೆ ಇನ್ನೊಮ್ಮೆ ಹೇಳಬೇಕಾಗುತ್ತದೆ, ಅದಕ್ಕೆ ಅಪ್ಪಣೆಯಿಲ್ಲ. ಆ ಮುದುಕಿ ತನ್ನ ಹೆಸರನ್ನು ಕೇಳಿದಳೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೂ ಯಾರಿಗೂ ತಿಳಿದಿಲ್ಲ.